ಬೆಟ್ಟದ ಬಸವನನ್ನು ಎಳೆದು ತಂದವರು ಯಾರು?

ಪ್ರಶ್ನೆ: ಸರ್, ಹೋದ ತಿಂಗಳು ಮನೆಮಂದಿಯೆಲ್ಲ ಮೈಸೂರಿಗೆ ಹೋಗಿದ್ದೆವು. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ದೊಡ್ಡ ನಂದಿಯ ಹತ್ತಿರ ಕಾರು ನಿಲ್ಲಿಸಿದೆವು. ಅಲ್ಲಿ ಒಬ್ಬರು, ಈ ಕಲ್ಲನ್ನು ಆನೆ ಕಟ್ಟಿ ಕೆಳಗಿನಿಂದ ಎಳೆಸಿ ತಂದರು ಅಂದರು. ಇನ್ನೊಬ್ಬರು, ಬಸವ ಬೆಳೀತಾ ಇತ್ತು, ನೆತ್ತಿಗೆ ಮೊಳೆ ಹೊಡೆದು ನಿಲ್ಲಿಸಿದರು ಅಂದರು. ನಮ್ಮ ಮದುವೆ ಆಲ್ಬಮ್ಮಿನ ಫೋಟೋದಲ್ಲಿ ಇದೇ ನಂದಿ ಕರ‍್ರಗೆ ಮಿಂಚುತ್ತಿದೆ. ಈಗ ನೋಡಿದರೆ ಬೂದು ಬಣ್ಣ. ಆಸಿಡ್ ಹಾಕಿ ತೊಳೆದುಬಿಟ್ಟರಾ? ಮೈ ಮೇಲೆ ಬಿರುಕು ಬಿಟ್ಟಿದೆ ಅಂತಲೂ ಕೇಳಿದೆವು. ಮೇಲೆ ನಿಂತಿರುವ ಮಹಿಷಾಸುರನೂ ಇದೇ ಕಾಲದವನಾ? ಚಾಮುಂಡಿಯ ಬೆಟ್ಟದಲ್ಲಿ ಶಿವನ ನಂದಿ ಯಾಕೆ? ನಮ್ಮ ಯಜಮಾನರು ಲೇಪಾಕ್ಷಿಯ ಬಸವನೇ ಇದಕ್ಕಿಂತ ದೊಡ್ಡದು ಅಂತ ವಾದ ಮಾಡುತ್ತಾರೆ, ಅದಕ್ಕೂ ಒಂದು ಉತ್ತರ ಕೊಡಿ.
ಹಾಸನದ ಓದುಗರೊಬ್ಬರು

ಉತ್ತರ: ಒಂದೇ ಪತ್ರದಲ್ಲಿ ಇಷ್ಟೊಂದು ಕೇಳಿದ್ದೀರಿ, ಖುಷಿಯಾಯಿತು. ಒಂದೊಂದಾಗಿ ಹೇಳುತ್ತೇನೆ, ಕ್ರಮ ಸ್ವಲ್ಪ ಹಿಂದೆ ಮುಂದೆ ಆಗಬಹುದು. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿಕೊಂಡಿದ್ದವನು. ಹಾಗಾಗಿ ನನಗೆ ಬಸವ ಕಾಣುವ ಮೊದಲು ಕಲ್ಲು ಕಾಣುತ್ತದೆ. ಸ್ವಲ್ಪ ಸಹಿಸಿಕೊಳ್ಳಿ.

ಮೊದಲು ಆನೆಯ ವಿಷಯ. ಬಸವನನ್ನು ಯಾರೂ ಎಳೆದು ತರಲಿಲ್ಲ. ಕಲ್ಲು ಅಲ್ಲೇ ಇತ್ತು. ಕಲ್ಲುಕುಟಿಗರೇ ಅದರ ಹತ್ತಿರ ಹೋಗಿ, ಅದು ಬಿದ್ದಿದ್ದ ಜಾಗದಲ್ಲೇ ಕೆತ್ತಿದರು.

ಲೆಕ್ಕ ಹಾಕಿದರೂ ಇದು ಗೊತ್ತಾಗುತ್ತದೆ. ಬಸವನ ಎತ್ತರ ಸುಮಾರು 16 ಅಡಿ, ಉದ್ದ ಸುಮಾರು 24 ಅಡಿ. ಗ್ರಾನೈಟ್ ಕಲ್ಲು ಒಂದು ಘನ ಅಡಿಗೆ ಹತ್ತಿರ ಹತ್ತಿರ 75 ಕಿಲೋ ತೂಗುತ್ತದೆ. ಈ ಮೈಯಲ್ಲಿ ಬರೀ 1500 ಘನ ಅಡಿ ಕಲ್ಲಿದೆ ಅಂತ ಕೈ ಬಿಗಿ ಹಿಡಿದು ಲೆಕ್ಕ ಹಾಕಿದರೂ ತೂಕ 110 ಟನ್ ದಾಟುತ್ತದೆ. ಇದು ಕೆತ್ತಿ ಮುಗಿಸಿದ ಮೇಲಿನ ತೂಕ. ಕೆತ್ತುವ ಮುಂಚಿನ ಗುಂಡು ಇನ್ನೂ ದಪ್ಪ ಇದ್ದಿರಬೇಕು, ಅಲ್ವಾ? ಅಂಥದ್ದನ್ನು ಆ ಕಡಿದಾದ ಬೆಟ್ಟಕ್ಕೆ, ಈಗಿನ ರಸ್ತೆ ಇಲ್ಲದ ಕಾಲದಲ್ಲಿ, ಆನೆ ಕಟ್ಟಿ ಏರಿಸುವುದು ಅಂದರೆ ಆನೆಗಳ ಗತಿ ಏನಾಗಬೇಕು. ಅದೂ ಬೆಟ್ಟದ ತುಂಬ ಒಳ್ಳೆ ಕಲ್ಲೇ ಇರುವಾಗ ಕೆಳಗಿನಿಂದ ಯಾಕೆ ತರುತ್ತಾರೆ ಹೇಳಿ.

ದೊಡ್ಡ ಕಲ್ಲನ್ನು ಸಾಗಿಸಿದವರು ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈ ಅವರು ಕೆತ್ತಿದ್ದು ಕಾರ್ಕಳದಲ್ಲಿ. ಅಲ್ಲಿಂದ 1973ರಲ್ಲಿ ಹತ್ತಾರು ಚಕ್ರದ ಟ್ರೇಲರ್ ಮೇಲೆ ಮಲಗಿಸಿ ರಸ್ತೆಯಲ್ಲಿ ತಂದರು. ಅದಕ್ಕೆ 20ನೇ ಶತಮಾನದ ಎಂಜಿನ್ ಬೇಕಾಯಿತು. ಶ್ರವಣಬೆಳಗೊಳದಲ್ಲಿ ಆ ಗೋಜಿಗೇ ಹೋಗಲಿಲ್ಲ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ 58 ಅಡಿಯ ಗೊಮ್ಮಟ, ವಿಂಧ್ಯಗಿರಿಯ ನೆತ್ತಿಯ ಬಂಡೆಯಲ್ಲೇ ಇದ್ದ. ಸುತ್ತಲಿನ ಕಲ್ಲನ್ನು ತೆಗೆದರು, ಅವನು ಉಳಿದ. ನಮ್ಮ ಬೆಟ್ಟದ ಬಸವನದ್ದೂ ಅದೇ ಕಥೆ.

ಈಗ ಆ ಗುಂಡು ಅಲ್ಲಿಗೆ ಬಂದಿದ್ದು ಹೇಗೆ? ನನ್ನ ಪ್ರಕಾರ ಆನೆಯ ಕಥೆಗಿಂತ ಇದೇ ರೋಚಕ. ಮೈಸೂರಿನ ಸುತ್ತಮುತ್ತ ನೆಲದಡಿ ಹಾಸಿಕೊಂಡಿರುವುದು ನೈಸ್ ಎನ್ನುವ ಪಟ್ಟೆ ಪಟ್ಟೆ ಕಲ್ಲು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇದೆಯಲ್ಲ, ಆ ಜಾತಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಚಾಮುಂಡಿ ಬೆಟ್ಟದ ಕಲ್ಲು ಆ ಜಾತಿಯದ್ದಲ್ಲ. ಅದು ಬಹಳ ಆಮೇಲೆ, ಸುಮಾರು 80 ಕೋಟಿ ವರ್ಷದ ಹಿಂದೆ, ಭೂಮಿಯೊಳಗಿಂದ ಕುದಿಯುವ ಪಾಕದ ಹಾಗೆ ಮೇಲೆದ್ದು, ಹಳೇ ಕಲ್ಲಿನ ನಡುವೆ ಸಿಕ್ಕಿಕೊಂಡು ನಿಧಾನಕ್ಕೆ ಆರಿದ ಗ್ರಾನೈಟ್. ನಮ್ಮವರು ಅದನ್ನು ಚಾಮುಂಡಿ ಗ್ರಾನೈಟ್ ಎಂದೇ ಕರೆಯುತ್ತಾರೆ. 80 ಕೋಟಿ ವರ್ಷ ಅಂದರೆ ನಿಮಗೆ ಮುದಿ ಕಲ್ಲು ಅನಿಸಬಹುದು. ನಮ್ಮ ಸೀಮೆಯ ಲೆಕ್ಕದಲ್ಲಿ ಎಳೇ ಕೂಸು.

ಮೇಲಿದ್ದ ಮಣ್ಣು, ಕಲ್ಲು ಎಲ್ಲ ಕೊಚ್ಚಿಹೋದ ಹಾಗೆ ಈ ಗ್ರಾನೈಟ್ ಹೊರಗೆ ಬಂತು. ತಲೆ ಮೇಲಿನ ಭಾರ ಇಳಿದಾಗ ಕಲ್ಲು ಸಡಿಲಾಗಿ ಉದ್ದಕ್ಕೂ ಅಡ್ಡಕ್ಕೂ ಸೀಳುತ್ತದೆ. ಆ ಸೀಳುಗಳಲ್ಲಿ ನೀರು ಇಳಿಯುತ್ತದೆ. ನೀರು ಮೂಲೆಗಳನ್ನು ಮೂರು ಕಡೆಯಿಂದ ತಿನ್ನುತ್ತದೆ, ಅಂಚನ್ನು ಎರಡು ಕಡೆಯಿಂದ, ಮುಖವನ್ನು ಒಂದೇ ಕಡೆಯಿಂದ. ಹಾಗಾಗಿ ಚೌಕವಾಗಿದ್ದ ಕಲ್ಲು ಕಾಲಕ್ರಮೇಣ ಗುಂಡಗಾಗುತ್ತದೆ. ಮೇಲಿನ ಪದರ ಈರುಳ್ಳಿ ಸಿಪ್ಪೆಯ ಹಾಗೆ ಕಳಚುತ್ತದೆ. ಹಂಪಿಯಿಂದ ರಾಮನಗರದವರೆಗೆ ನೀವು ನೋಡುವ ಗುಂಡುಗಳೆಲ್ಲ ಹೀಗೇ ಆದವು. ಬಸವನ ಬೆನ್ನಿನ ದುಂಡನೆಯಲ್ಲಿ ಅರ್ಧ ಕೆಲಸ ಮಳೆ ಬಿಸಿಲಿನದು ಅಂತ ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ. ಶಿಲ್ಪಕಲೆ ಓದಿದ ಗೆಳೆಯರೊಬ್ಬರಿಗೆ ಈ ಮಾತು ಕೇಳಿದರೆ ಸಿಟ್ಟು. ಆದರೂ ಕೂತ ಬಸವನಿಗೆ ಹೊಂದುವ ಗುಂಡನ್ನೇ ಹುಡುಕಿ ಆರಿಸಿದ್ದಾರೆ ಅನ್ನುವುದನ್ನು ಅವರೂ ಒಪ್ಪುತ್ತಾರೆ.

ಆರಿಸುವುದೇ ದೊಡ್ಡ ವಿದ್ಯೆ. ನಾನೊಮ್ಮೆ ಒಂದು ಕ್ವಾರಿಯಲ್ಲಿ ವಯಸ್ಸಾದ ಶಿಲ್ಪಿಯೊಬ್ಬರು ಕಲ್ಲು ನೋಡುವುದನ್ನು ಕಂಡಿದ್ದೆ. ಅವರು ಕಲ್ಲಿನ ಬಣ್ಣ ನೋಡಲಿಲ್ಲ. ಸಣ್ಣ ಸುತ್ತಿಗೆ ಹಿಡಿದು ಗುಂಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಗೇಣು ಗೇಣಿಗೂ ತಟ್ಟುತ್ತಾ ಹೋದರು. ಟಣ್, ಟಣ್, ಟಣ್. ಒಂದು ಕಡೆ ಬಂದಾಗ ಸದ್ದು ದಬ್ ಅಂತ ಸತ್ತುಹೋಯಿತು. ಅಲ್ಲಿಗೆ ಸುತ್ತಿಗೆ ಕೆಳಗಿಟ್ಟು, ಎಲೆಯಡಿಕೆ ಹಾಕಿಕೊಂಡು, "ಇದು ಒರಳಿಗೆ ಆಗ್ತದೆ, ದೇವರಿಗೆ ಆಗಲ್ಲ" ಅಂದರು. ಸತ್ತ ಸದ್ದು ಬಂದ ಕಡೆ ಒಳಗೆ ಸೀಳಿದೆ ಅಂತ ಅರ್ಥ. ಶಿಲ್ಪಿಗಳು ಹೀಗೆ ದನಿ ಕೇಳಿಯೇ ಗಂಡು ಕಲ್ಲು, ಹೆಣ್ಣು ಕಲ್ಲು, ನಪುಂಸಕ ಕಲ್ಲು ಅಂತ ಬೇರೆ ಮಾಡುತ್ತಾರೆ. ಶಾಸ್ತ್ರದ ಮಾತಿನ ಹಾಗೆ ಕೇಳಿಸಿದರೂ ಒಳಗಿರುವುದು ಗಟ್ಟಿ ಭೌತವಿಜ್ಞಾನ. ರೈಲ್ವೆಯವರು ಹಿಂದೆ ಗಾಲಿಯನ್ನು ತಟ್ಟಿ ನೋಡುತ್ತಿದ್ದುದು ಇದೇ ಕಾರಣಕ್ಕೆ.

ಆಮೇಲೆ ಕೆತ್ತುವುದು. ಬೇಲೂರು, ಹಳೇಬೀಡು ನಿಮ್ಮ ಜಿಲ್ಲೆಯಲ್ಲೇ ಇರುವುದರಿಂದ ನಿಮಗೆ ಹೋಲಿಕೆ ಸುಲಭ. ಅಲ್ಲಿನ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ. ಬಳೆಯೊಳಗೆ ಬಳೆ, ಸರದೊಳಗೆ ಸರ ತೆಗೆಯಬಹುದು. ಗ್ರಾನೈಟ್ ಹಾಗಲ್ಲ. ಅದರಲ್ಲಿರುವ ಸ್ಫಟಿಕ ಉಕ್ಕಿಗೂ ಸವಾಲು ಹಾಕುತ್ತದೆ. ಉಳಿ ಹೊಡೆದರೆ ಕಲ್ಲು ಕತ್ತರಿಸುವುದಿಲ್ಲ, ಪುಡಿಪುಡಿಯಾಗಿ ಸಿಡಿಯುತ್ತದೆ. ಸ್ವಲ್ಪ ಹೊತ್ತಿಗೇ ಉಳಿಯ ಮೂತಿ ಮೊಂಡು. ಅದಕ್ಕೇ ಗ್ರಾನೈಟ್ ಕೆಲಸ ನಡೆಯುವ ಕಡೆ ಶಿಲ್ಪಿಯಷ್ಟೇ ಮುಖ್ಯವಾದವನು ಕಮ್ಮಾರ. ನಾನು ಹೇಳಿದ ಆ ಕ್ವಾರಿಯಲ್ಲೂ ಒಂದು ಕುಲುಮೆ ಇತ್ತು. ಹುಡುಗ ಮೊಂಡಾದ ಉಳಿಗಳನ್ನು ಕಟ್ಟು ಕಟ್ಟಾಗಿ ತಂದು ಸುರಿಯುವುದು, ಕಮ್ಮಾರ ಕೆಂಪಗೆ ಕಾಯಿಸಿ ಹಣಿಯುವುದು, ತುದಿಯನ್ನಷ್ಟೇ ನೀರಿಗೆ ಅದ್ದಿ ಎತ್ತಿ, ಬಣ್ಣ ತಿರುಗುವವರೆಗೆ ಕಣ್ಣು ಮಿಟುಕಿಸದೆ ನೋಡಿ, ಮತ್ತೆ ಪೂರ್ತಿ ಮುಳುಗಿಸುವುದು. ಹದ ಒಂದು ಚೂರು ಹೆಚ್ಚಾದರೆ ಉಳಿ ಮುರಿಯುತ್ತದೆ, ಕಮ್ಮಿಯಾದರೆ ಮಡಚಿಕೊಳ್ಳುತ್ತದೆ. ಬೆಟ್ಟದ ಬಸವನ ಕೊರಳಿನ ಗಂಟೆಸರ, ಗೆಜ್ಜೆ, ಹಣೆಯ ಅಲಂಕಾರ ಎಲ್ಲ ಹೀಗೆ ಉಳಿ ಸವೆಸಿ ಸವೆಸಿ ತೆಗೆದದ್ದು. ಮುಂದಿನ ಸಲ ಹೋದಾಗ ಗಂಟೆಗಳನ್ನು ಹತ್ತಿರದಿಂದ ನೋಡಿ. ಹಳೇಬೀಡಿನ ನಂದಿಯಷ್ಟು ಕುಸುರಿ ಇಲ್ಲ ಅಂತ ಮೂಗು ಮುರಿಯಬೇಡಿ. ಈ ಕಲ್ಲಿನಲ್ಲಿ ಅಷ್ಟು ಆಗಿದ್ದೇ ದೊಡ್ಡದು.

ಮಾಡಿಸಿದ್ದು ಯಾರು? ದೊಡ್ಡ ದೇವರಾಜ ಒಡೆಯರು. ಅವರು ಆಳಿದ್ದು 1659ರಿಂದ 1673ರವರೆಗೆ. ಆಗ ರಾಜಧಾನಿ ಮೈಸೂರಲ್ಲ, ಶ್ರೀರಂಗಪಟ್ಟಣ. ರಾಜ ಒಡೆಯರು 1610ರಲ್ಲಿ ಅದನ್ನು ಹಿಡಿದ ಮೇಲೆ ಆಡಳಿತವೆಲ್ಲ ಅಲ್ಲಿಗೆ ಹೋಗಿತ್ತು. ದೊಡ್ಡ ದೇವರಾಜರು ಪಟ್ಟಕ್ಕೆ ಬಂದ ಹೊತ್ತು ಸುಖದ ಹೊತ್ತೂ ಅಲ್ಲ, ಇಕ್ಕೇರಿಯ ಶಿವಪ್ಪ ನಾಯಕನ ದಂಡು ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿತ್ತು. ಅಂಥ ದೊರೆ, ರಾಜಧಾನಿ ಬಿಟ್ಟು, ಮನೆದೇವರ ಬೆಟ್ಟಕ್ಕೆ ಎರಡು ಕೆಲಸ ಮಾಡಿಸಿದರು. ಒಂದು, ಬುಡದಿಂದ ನೆತ್ತಿಯವರೆಗೆ ಸುಮಾರು ಸಾವಿರ ಮೆಟ್ಟಿಲು. ಇನ್ನೊಂದು, ಈ ಬಸವ.

ಈ ಎರಡನ್ನೂ ಒಟ್ಟಿಗೇ ನೋಡಬೇಕು ಅಂತ ನನ್ನ ಆಗ್ರಹ. ನೀವು ಕಾರಿನಲ್ಲಿ ಹೋದಿರಿ, ಹಾಗಾಗಿ ಬಸವ "ರಸ್ತೆ ಪಕ್ಕ" ಸಿಕ್ಕ. ರಸ್ತೆ ಬಂದದ್ದು ಬಹಳ ಆಮೇಲೆ. ಬಸವ ಕೂತಿರುವುದು ಮೆಟ್ಟಿಲ ಹಾದಿಯಲ್ಲಿ, ಕೆಳಗಿನಿಂದ ಸುಮಾರು 700 ಮೆಟ್ಟಿಲು ಹತ್ತಿದ ಮೇಲೆ. ಬೆಳಗ್ಗೆ ಐದೂವರೆಗೆ ಹತ್ತಲು ಶುರು ಮಾಡಿ ನೋಡಿ. ಮೊದಲ ಮುನ್ನೂರು ಮೆಟ್ಟಿಲು ಮಾತಾಡಿಕೊಂಡು ಹೋಗುತ್ತೀರಿ. ಆಮೇಲೆ ಮಾತು ನಿಲ್ಲುತ್ತದೆ, ಉಸಿರಿನ ಸದ್ದು ಮಾತ್ರ. ಪಕ್ಕದಲ್ಲಿ ಹರಕೆ ಹೊತ್ತ ಹೆಣ್ಣುಮಕ್ಕಳು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ನಮಗಿಂತ ಮುಂದೆ ಹೋಗಿರುತ್ತಾರೆ. ಮಂಡಿ ಸೋಲುವ ಹೊತ್ತಿಗೆ ಸರಿಯಾಗಿ ತಲೆ ಎತ್ತಿದರೆ ಬಸವ. ದಣಿದವರು ಕೂರಲೇಬೇಕಾದ ಜಾಗದಲ್ಲಿ ಅವನೂ ಕೂತಿದ್ದಾನೆ. ಇದು ಬೇಕಂತಲೇ ಮಾಡಿದ್ದಾ, ಗುಂಡು ಅಲ್ಲಿದ್ದುದರಿಂದ ಆಗಿದ್ದಾ ಅಂತ ಕೇಳಿದರೆ ನನ್ನ ಓಟು ಗುಂಡಿಗೇ.

ಮಾಡಿಸಿದ ದೊರೆಯ ಹೆಸರು ಎಲ್ಲರ ಬಾಯಲ್ಲೂ ಇದೆ. ಉಳಿ ಹಿಡಿದವರ, ತಿದಿ ಒತ್ತಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ಹೊಯ್ಸಳರ ಕಾಲದ ಶಿಲ್ಪಿಗಳು ಈ ವಿಷಯದಲ್ಲಿ ಜಾಣರು, ವಿಗ್ರಹದ ಪೀಠದಲ್ಲಿ ಸ್ವಂತ ಹೆಸರು ಕೆತ್ತಿ ಹೋದರು.

ಚಾಮುಂಡಿಯ ಬೆಟ್ಟದಲ್ಲಿ ಶಿವನ ನಂದಿ ಯಾಕೆ ಅನ್ನುವುದು ಒಳ್ಳೆಯ ಪ್ರಶ್ನೆ. ಎಷ್ಟೋ ಮೈಸೂರಿನವರಿಗೇ ಇದು ಹೊಳೆದಿರುವುದಿಲ್ಲ. ಉತ್ತರ ಬೆಟ್ಟದ ಹಳೇ ಹೆಸರಿನಲ್ಲಿದೆ. ಇದು ಮೊದಲು ಮಹಾಬಲಗಿರಿ. ಚಾಮುಂಡೇಶ್ವರಿ ಗುಡಿಯ ಹತ್ತಿರವೇ ಮಹಾಬಲೇಶ್ವರನ ಗುಡಿ ಇದೆಯಲ್ಲ, ಜನ ಸಾಲು ನಿಲ್ಲದ, ತಣ್ಣಗಿನ ಪುಟ್ಟ ಗುಡಿ? ಬೆಟ್ಟದಲ್ಲಿ ಹಳೆಯದು ಅದೇ. ಹೊಯ್ಸಳ ವಿಷ್ಣುವರ್ಧನನ ಕಾಲಕ್ಕೇ, ಅಂದರೆ 12ನೇ ಶತಮಾನಕ್ಕೇ, ಈ ಜಾಗದ ಹೆಸರಿತ್ತು. ದೇವಿ ಒಡೆಯರ ಮನೆದೇವರಾದಳು, ರಾಜ್ಯ ಬೆಳೆದ ಹಾಗೆ ದೇವಿಯ ಗುಡಿಯೂ ಬೆಳೆಯಿತು. ಈಗ ಕಾಣುವ ಎತ್ತರದ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ್ದು. ಬೆಟ್ಟದ ಹೆಸರೇ ಬದಲಾಯಿತು. ಬಸವನನ್ನು ಕೆತ್ತಿಸುವಾಗ ಇದು ಶಿವನ ಬೆಟ್ಟವೂ ಹೌದು ಅನ್ನುವ ನೆನಪು ಹಸಿಯಾಗಿತ್ತು. ಬಸವನ ಹಿಂಭಾಗದಲ್ಲಿ ಗುಹೆಯೊಳಗೆ ಒಂದು ಚಿಕ್ಕ ಶಿವನ ಗುಡಿಯೂ ಇದೆ. ನೀವು ಫೋಟೋ ತೆಗೆದು ಹೊರಟುಬಿಟ್ಟಿರಿ ಅಂತ ಕಾಣುತ್ತದೆ, ಮುಂದಿನ ಸಲ ಹೋಗಿ ಬನ್ನಿ.

ಇನ್ನು ಬೆಳೆಯುವ ಬಸವ. ನಿಮಗೆ ಹೇಳಿದವರು ಒಂದು ಬಸವನ ಕಥೆಯನ್ನು ಇನ್ನೊಂದು ಬಸವನಿಗೆ ಕಟ್ಟಿದ್ದಾರೆ. ಬೆಳೆದದ್ದು, ನೆತ್ತಿಗೆ ಮೊಳೆ ಹೊಡೆಸಿಕೊಂಡದ್ದು ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವ. ಅವನೂ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಗುಡಿ ಕಟ್ಟಿಸಿದವರು ಕೆಂಪೇಗೌಡರು, 1537ರಲ್ಲಿ ಅಂತ ಹೇಳುತ್ತಾರೆ. ಕಥೆ ನಿಮಗೂ ಗೊತ್ತಿರಬಹುದು. ಸುಂಕೇನಹಳ್ಳಿ, ಗವೀಪುರ, ಮಾವಳ್ಳಿ ಕಡೆ ರೈತರು ಕಡಲೆಕಾಯಿ ಬೆಳೆಯುತ್ತಿದ್ದರು. ರಾತ್ರಿಯಾದರೆ ಯಾವುದೋ ಬಸವ ಬಂದು ಹೊಲ ಮೇಯುತ್ತಿತ್ತು. ಕಾದು ಕೂತ ರೈತ ದೊಣ್ಣೆಯಿಂದ ಹೊಡೆದ, ಬಸವ ಕಲ್ಲಾಗಿ ಕೂತ. ಕೂತವನು ಬೆಳೆಯತೊಡಗಿದ, ಹೆದರಿದ ಜನ ನೆತ್ತಿಗೆ ಮೊಳೆ ಹೊಡೆದು ನಿಲ್ಲಿಸಿದರು. ಅದಕ್ಕೇ ಇವತ್ತಿಗೂ ಕಾರ್ತಿಕದ ಕೊನೆ ಸೋಮವಾರ ಕಡಲೆಕಾಯಿ ಪರಿಷೆ, ಮೊದಲ ಕಾಯಿ ಅವನಿಗೆ.

ಕಥೆ ನನಗೂ ಇಷ್ಟ. ಅದರಲ್ಲಿ ಒಂದು ತಮಾಷೆ ಇದೆ ನೋಡಿ. ಕಡಲೆಕಾಯಿ ನಮ್ಮ ನಾಡಿನ ಬೆಳೆಯೇ ಅಲ್ಲ. ಅದು ದಕ್ಷಿಣ ಅಮೆರಿಕದ್ದು, ಸಮುದ್ರ ದಾಟಿ ಇಲ್ಲಿಗೆ ಬಂದದ್ದು ಪೋರ್ಚುಗೀಸರು ಬಂದ ಮೇಲೆ. 1537ರ ಹೊತ್ತಿಗೆ ಬೆಂಗಳೂರಿನ ಹಳ್ಳಿಗಳಲ್ಲಿ ಹೊಲಗಟ್ಟಲೆ ಕಡಲೆಕಾಯಿ ಬೆಳೆದು ಬಸವ ಕದ್ದು ಮೇಯುವ ಮಟ್ಟಕ್ಕೆ ಬಂದಿತ್ತು ಅಂದರೆ ನಂಬುವುದು ಕಷ್ಟ. ಬಸವ ಮೊದಲು ಬಂದ, ಬೆಳೆ ಆಮೇಲೆ ಬಂತು, ಬೆಳೆ ಕೈ ಹಿಡಿದ ಮೇಲೆ ಜನ ಬಸವನಿಗೂ ಅದಕ್ಕೂ ನಂಟು ಕಟ್ಟಿದರು ಅಂತ ನನ್ನ ಊಹೆ. ಆಂಧ್ರದ ಯಾಗಂಟಿಯಲ್ಲೂ ಬೆಳೆಯುವ ಬಸವನಿದ್ದಾನೆ, ಅಲ್ಲಿ ಇನ್ನೂ ಬೆಳೆಯುತ್ತಿದ್ದಾನೆ ಅನ್ನುತ್ತಾರೆ. ಗ್ರಾನೈಟ್ ಬೆಳೆಯುವುದಿಲ್ಲ. ಆರಿದ ಮೇಲೆ ಅದಕ್ಕೆ ಗೊತ್ತಿರುವುದು ಸವೆಯುವುದೊಂದೇ.

ಬಣ್ಣದ ವಿಷಯಕ್ಕೆ ಬರೋಣ. ನಿಮ್ಮ ಆಲ್ಬಮ್ಮಿನ ಕಪ್ಪು ಬಸವನೂ ನಿಜ, ಈಗಿನ ಬೂದು ಬಸವನೂ ನಿಜ. ಕಪ್ಪು ಕಲ್ಲಿನದಲ್ಲ, ಎಣ್ಣೆಯದು. ತಲೆಮಾರುಗಳಿಂದ ಹಚ್ಚಿದ ಎಣ್ಣೆ, ಬೆಣ್ಣೆ, ಅದಕ್ಕೆ ಅಂಟಿದ ದೀಪದ ಮಸಿ, ರಸ್ತೆಯ ದೂಳು. ಮನೆಯಲ್ಲಿ ಒಲೆಯ ಮೇಲಿನ ಗೋಡೆ ನೋಡಿ. ಒಗ್ಗರಣೆ ಸಿಡಿದ ಜಾಗ ಮೊದಲು ಹಳದಿ, ಆಮೇಲೆ ಕಂದು, ವರ್ಷ ಕಳೆದ ಮೇಲೆ ಉಗುರಿನಿಂದ ಕೆರೆದರೂ ಬರದ ಅಂಟು. ಎಣ್ಣೆ ಗಾಳಿ ಕುಡಿದು ಗಟ್ಟಿಯಾಗಿ ಅರಗಿನಂಥ ಪದರವಾಗುತ್ತದೆ. ಬಸವನ ಮೇಲೆ ಆದದ್ದು ಅದೇ, ಅಡುಗೆಮನೆಯಲ್ಲಿ ಹತ್ತು ವರ್ಷಕ್ಕೆ ಆಗುವುದು ಅಲ್ಲಿ ನೂರಾರು ವರ್ಷ ಆಗಿತ್ತು. ಬಸವನಗುಡಿಯ ಬಸವ ಇವತ್ತಿಗೂ ಕರ‍್ರಗಿರುವುದು ಇದರಿಂದಲೇ. ಶ್ರವಣಬೆಳಗೊಳದ ಗೊಮ್ಮಟನ ಮೈಗೆ ದಿನಾ ಎಣ್ಣೆ ಹಚ್ಚುವವರಿಲ್ಲ, ಮಳೆ ತೊಳೆಯುತ್ತದೆ, ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ. ಅದಕ್ಕೇ ಅವನ ಕಲ್ಲಿನ ಬಣ್ಣ ಉಳಿದಿದೆ.

ಬೆಟ್ಟದ ಬಸವನ ಮೇಲಿನ ಆ ಪದರವನ್ನು ಕೆಲವು ವರ್ಷಗಳ ಹಿಂದೆ ತೆಗೆಸಿದರು. ಆಗ ಬೂದು ಕಲ್ಲು ಹೊರಗೆ ಬಂತು. ಎಷ್ಟೋ ಭಕ್ತರಿಗೆ ಬೇಸರವಾಯಿತು. ಕಪ್ಪು ಬಸವನನ್ನೇ ನೋಡಿ ಬೆಳೆದವರು, ಬೇಸರವಾಗುವುದು ಸಹಜ. ನನಗೆ ಮಾತ್ರ ಖುಷಿ. ಮಸಿಯಲ್ಲಿ ಮುಚ್ಚಿಹೋಗಿದ್ದ ಗೆಜ್ಜೆ, ಸರಪಣಿ, ಕಣ್ಣಿನ ರೆಪ್ಪೆಯ ಅಂಚು ಈಗ ಬಿಸಿಲಲ್ಲಿ ಕಾಣುತ್ತವೆ.

ಆಸಿಡ್ ಅಂತ ಕೇಳಿದ್ದೀರಿ. ಬಾತ್‌ರೂಮ್ ತೊಳೆಯುವ ಆಸಿಡ್ಡನ್ನು ಇಂಥ ಕಲ್ಲಿಗೆ ಯಾರೂ ಹಾಕಬಾರದು. ಅದು ಕಲ್ಲಿನೊಳಗಿನ ಕಬ್ಬಿಣದ ಅಂಶವನ್ನು ಕೆಣಕಿ ತುಕ್ಕಿನ ಕಲೆ ಎಬ್ಬಿಸುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ಎಣ್ಣೆಯ ಪದರಕ್ಕೆ ಸಂರಕ್ಷಣೆಯವರು ಬಳಸುವ ಪದ್ಧತಿ ಬೇರೆ. ನೀರು ಬೆರೆಸಿದ ಅಮೋನಿಯಾ, ಸೌಮ್ಯವಾದ ಸೋಪು. ಕಾಗದವನ್ನು ನೆನೆಸಿ ಮುದ್ದೆ ಮಾಡಿ, ಮುಖಕ್ಕೆ ಕಡಲೆಹಿಟ್ಟು ಮೆತ್ತಿದ ಹಾಗೆ ಕಲ್ಲಿಗೆ ಮೆತ್ತಿ ಬಿಡುತ್ತಾರೆ. ಒಣಗುವಾಗ ಅದು ಜಿಡ್ಡನ್ನು ಹೀರಿಕೊಳ್ಳುತ್ತದೆ. ಆಮೇಲೆ ಮೃದುವಾದ ಬ್ರಷ್ಷಿನಿಂದ ತೊಳೆಯುವುದು. ತಾಳ್ಮೆಯ ಕೆಲಸ, ಒಂದು ಅಂಗೈ ಜಾಗಕ್ಕೆ ಒಂದು ದಿನ ಹಿಡಿದರೂ ಆಶ್ಚರ್ಯವಿಲ್ಲ.

ಪದರ ಹೋದ ಮೇಲೆ ಬಿರುಕುಗಳೂ ಕಣ್ಣಿಗೆ ಬಿದ್ದವು. ಊರೆಲ್ಲ ಗಾಬರಿ. ನಾನು ಮೇಲೆ ಹೇಳಿದ ಸೀಳುಗಳನ್ನು ನೆನಪು ಮಾಡಿಕೊಳ್ಳಿ. ಗ್ರಾನೈಟ್ ಅಂದಮೇಲೆ ಕೂದಲೆಳೆಯ ಗೆರೆ ಇದ್ದೇ ಇರುತ್ತದೆ, ಎಷ್ಟೇ ತಟ್ಟಿ ಆರಿಸಿದರೂ. ಅವುಗಳಲ್ಲಿ ಕೆಲವು ಬಸವನಿಗಿಂತ ಹಳೆಯವು. ಬಿರುಕು ಇದೆಯಾ ಅನ್ನುವುದಕ್ಕಿಂತ ಅದು ಅಗಲವಾಗುತ್ತಿದೆಯಾ ಅನ್ನುವುದು ಮುಖ್ಯ. ಅದನ್ನು ತಿಳಿಯಲು ಎಂಜಿನಿಯರುಗಳ ಹತ್ತಿರ ಒಂದು ಹಳೇ ಉಪಾಯವಿದೆ. ಬಿರುಕಿಗೆ ಅಡ್ಡಲಾಗಿ ತೆಳ್ಳಗಿನ ಗಾಜಿನ ಪಟ್ಟಿ ಅಂಟಿಸಿ, ಮೇಲೆ ತಾರೀಕು ಬರೆದು ಬಿಡುತ್ತಾರೆ. ಕಲ್ಲು ಒಂದು ಕೂದಲಿನಷ್ಟು ಸರಿದರೂ ಗಾಜು ಟಪ್ ಅಂತ ಒಡೆಯುತ್ತದೆ. ಹಳೇ ಸೇತುವೆಗಳ ಕೆಳಗೆ ಇಂಥ ಗಾಜಿನ ಪಟ್ಟಿ ಕಂಡರೆ ಇದು ಯಾಕೆ ಅಂತ ಈಗ ನಿಮಗೆ ಗೊತ್ತು. ಬಿರುಕಿಗೆ ನಿಜವಾದ ಶತ್ರುಗಳು ಮೂರು: ಒಳಗಿಳಿದು ನಿಲ್ಲುವ ನೀರು, ಎಲ್ಲಿಂದಲೋ ಹಾರಿಬಂದು ಮೊಳೆಯುವ ಅರಳಿ ಬೀಜ, ಮತ್ತೆ ಅದನ್ನು ಮುಚ್ಚುತ್ತೇನೆ ಅಂತ ಸಿಮೆಂಟ್ ಮೆತ್ತುವ ಮನುಷ್ಯ. ಪ್ರತಿವರ್ಷ ಕಾರ್ತಿಕದಲ್ಲಿ ಅಟ್ಟಣಿಗೆ ಕಟ್ಟಿ ಬಸವನಿಗೆ ಹಾಲು, ಮೊಸರು, ಕಬ್ಬಿನ ಹಾಲು, ಅರಿಶಿನ ಎಲ್ಲ ಸುರಿದು ಅಭಿಷೇಕ ಮಾಡುತ್ತಾರೆ, ನೋಡಲು ಎರಡು ಕಣ್ಣು ಸಾಲದು. ನಾನೂ ಹೋಗಿ ನಿಲ್ಲುತ್ತೇನೆ. ಮುಗಿದ ಮೇಲೆ ಚೆನ್ನಾಗಿ ನೀರು ಹೊಯ್ದು ತೊಳೆಯುವವರೆಗೂ ನನಗೆ ಸಮಾಧಾನ ಇರುವುದಿಲ್ಲ, ಅಷ್ಟೇ.

ಗಾಬರಿಯಾಗಬೇಕಾದದ್ದು ಬಸವನ ಬಗ್ಗೆ ಅಲ್ಲ, ಅವನ ಸುತ್ತಲಿನ ನೆಲದ ಬಗ್ಗೆ. 2021ರಲ್ಲಿ ಜೋರು ಮಳೆಗೆ ನಂದಿಯ ಕಡೆ ಹೋಗುವ ರಸ್ತೆಯೇ ಕುಸಿಯಿತು. ಗುಂಡುಗಳ ನಡುವೆ ಇರುವುದು ಕೊಳೆತ ಗ್ರಾನೈಟಿನ ಪುಡಿಮಣ್ಣು. ಗಿಡಮರದ ಬೇರು ಹಿಡಿದುಕೊಂಡಿರುವವರೆಗೆ ಅದು ಗಟ್ಟಿ. ಕಡಿದು ರಸ್ತೆ ಮಾಡಿ, ನೀರು ಹೋಗುವ ದಾರಿ ಮುಚ್ಚಿದರೆ ಸಕ್ಕರೆಯ ಹಾಗೆ ಕರಗುತ್ತದೆ.

ಮಹಿಷಾಸುರನ ವಿಷಯ ಬೇಗ ಮುಗಿಸುತ್ತೇನೆ. ಅವನು ಬಸವನ ಕಾಲದವನಲ್ಲ, 20ನೇ ಶತಮಾನದವನು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು, ಬಣ್ಣ ಬಣ್ಣದ ಬಟ್ಟೆಯಲ್ಲಿ ನಿಂತಿರುವ ಆತ ಕಲ್ಲಲ್ಲ, ಗಾರೆ. ಇವೆರಡು ಪೂರ್ತಿ ತಿರುಗಾಮುರುಗಾ ಕೆಲಸ. ಗಾರೆಯಲ್ಲಿ ಒಳಗೆ ಹಂದರ ಕಟ್ಟಿ ಮೇಲೆ ಮೆತ್ತುತ್ತಾ ಬರುತ್ತಾರೆ. ಮುರುಡೇಶ್ವರದ 123 ಅಡಿಯ ಶಿವನನ್ನು ಶಿವಮೊಗ್ಗದ ಕಾಶಿನಾಥ್ ಅವರ ತಂಡ ಮಾಡಿದ್ದೂ ಹೀಗೇ. ಮೂಗು ಸರಿಬರಲಿಲ್ಲ ಅಂದರೆ ಇನ್ನೊಂದು ಬಾಣಲಿ ಸಿಮೆಂಟ್ ಕಲಸಿದರಾಯಿತು. ಬೆರಳು ಮುರಿದರೆ ಹೊಸದು ಕೂಡಿಸಬಹುದು, ವರ್ಷಕ್ಕೊಮ್ಮೆ ಬಣ್ಣ ಬಳಿಯಬಹುದು. ಬಸವನನ್ನು ಮಾಡಿದವರಿಗೆ ಆ ಭಾಗ್ಯ ಇರಲಿಲ್ಲ. ಕಿವಿಯ ತುದಿ ಹಾರಿದ್ದರೆ ಹಾರಿದ್ದೇ. ಹಾಗಂತ ನಾನು ಮಹಿಷಾಸುರನನ್ನು ಕಡೆಗಣಿಸುವವನಲ್ಲ. ಬೆಟ್ಟಕ್ಕೆ ಹೋದ ಮಕ್ಕಳಿಗೆ ವರ್ಷಗಟ್ಟಲೆ ನೆನಪಿರುವುದು ಅವನ ಮೀಸೆಯೇ.

ಕೊನೆಗೆ ನಿಮ್ಮ ಯಜಮಾನರ ವಾದ. ಅವರು ಗೆದ್ದರು, ಆದರೆ ಅರ್ಧ. ಲೇಪಾಕ್ಷಿಯ ಬಸವ ಸುಮಾರು 27 ಅಡಿ ಉದ್ದ, ಹಾಗಾಗಿ ಉದ್ದದಲ್ಲಿ ಅವನೇ ಮುಂದು. ಎತ್ತರ ಸುಮಾರು 15 ಅಡಿ, ಅದರಲ್ಲಿ ನಮ್ಮವನು ಒಂದು ಅಡಿ ಮೇಲು. ವಯಸ್ಸಿನಲ್ಲಿ ಲೇಪಾಕ್ಷಿಯವನು ನೂರು ವರ್ಷಕ್ಕೂ ಹಿರಿಯ, ವಿಜಯನಗರದ ಅಚ್ಯುತರಾಯನ ಕಾಲದವನು, 16ನೇ ಶತಮಾನ. ಅವನನ್ನೂ ಯಾರೂ ಎಳೆದು ತಂದಿಲ್ಲ, ಅಲ್ಲೇ ಇದ್ದ ಗುಂಡಿನಲ್ಲಿ ಕೆತ್ತಿದ್ದಾರೆ. ನಿಜವಾದ ರಸ್ತೆ ಬದಿಯ ಬಸವ ಅಂದರೆ ಅವನೇ. ಬೆಂಗಳೂರಿನಿಂದ ಹೈದರಾಬಾದ್ ಹೆದ್ದಾರಿಯಲ್ಲಿ ಹೋಗಿ, ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರ ಎಡಕ್ಕೆ ತಿರುಗಿದರೆ ಊರು ಸೇರುವಾಗಲೇ ಸಿಗುತ್ತಾನೆ. ಒಟ್ಟು ಸುಮಾರು 120 ಕಿಲೋಮೀಟರ್. ಮಾಡು ಇಲ್ಲ, ಮಂಟಪ ಇಲ್ಲ, ಬಯಲಲ್ಲಿ ಕತ್ತೆತ್ತಿ ಕೂತಿದ್ದಾನೆ. ಅವನು ನೋಡುತ್ತಿರುವ ಕಡೆಗೇ ಇನ್ನೂರು ಮೀಟರ್ ನಡೆದರೆ ವೀರಭದ್ರನ ಗುಡಿ, ಒಳಗೆ ಹೆಡೆ ಬಿಚ್ಚಿದ ನಾಗಲಿಂಗ. ಎಣ್ಣೆ ಮಸಿಯ ಗಲಾಟೆ ಇಲ್ಲದ ಕಲ್ಲು ಹೇಗಿರುತ್ತದೆ ಅಂತ ನೋಡಬೇಕಾದರೆ ಅವನ ಮೈ ನೋಡಿ. ಗುಡಿಯ ಪ್ರಾಕಾರದ ಗೋಡೆಯನ್ನೂ ಬಿಡಬೇಡಿ. ಊರು ಆಂಧ್ರದ್ದಾದರೂ ಅಲ್ಲಿ ಕೆತ್ತಿರುವ ಶಾಸನಗಳು ಕನ್ನಡದಲ್ಲಿವೆ. ಮಕ್ಕಳನ್ನು ಮುಂದೆ ನಿಲ್ಲಿಸಿ ಓದಿಸಲು ನೋಡಿ, ನಾಲ್ಕು ಅಕ್ಷರವಾದರೂ ಗುರುತು ಸಿಗುತ್ತವೆ.